ಎರಡು ಲೈನು, ಒಂದೇ ಗುಂಡಿ

"ಇದು ನಿಮ್ಮ ಒಂದನೇ ಲೈನು, ಇದು ಎರಡನೇದು" ಎನ್ನುತ್ತ ಅತ್ತೆ ಕೈಚೀಲದಿಂದ ಎರಡು ಕಪ್ಪು ಕೇಬಲ್ ತುಂಡುಗಳನ್ನು ತೆಗೆದು ಮೀಟಿಂಗ್ ಕೋಣೆಯ ಗಾಜಿನ ಮೇಜಿನ ಮೇಲೆ ಹಾಕಿದರು. ತುಂಡುಗಳಿಗೆ ಮೆತ್ತಿದ್ದ ಕೆಸರು ಗಾಜಿಗೆ ಅಂಟಿತು. ಆಡಳಿತದ ಮೇಡಂ ಒರೆಸಲೆಂದು ಟಿಶ್ಯೂ ಹಿಡಿದು ಎದ್ದವರು ಅತ್ತೆಯ ಮುಖ ನೋಡಿ ಹಾಗೇ ಕೂತರು.

ಹಿಂದಿನ ದಿನ ಕಟ್ಟಡದ ಹಿಂಬದಿಯಲ್ಲಿ ಗುಂಡಿಯ ಮುಚ್ಚಳ ಎತ್ತಿಸಿದಾಗ ಸಿಕ್ಕಿದ್ದವು ಇವು, ಎರಡೂ ಒಂದೇ ಗುಂಡಿಯಲ್ಲಿ.

ಮೇಜಿನ ಆಚೆ ಆಂಬುಲೆನ್ಸ್ ಕಂಪನಿಯ ನಾಲ್ಕು ತಲೆಗಳು ಕೂತಿದ್ದವು. ನಡುವೆ ಯಜಮಾನರು. ಅವರ ಬಲಕ್ಕೆ ಅಳಿಯ, ತಂತ್ರಜ್ಞಾನದ ನಿರ್ದೇಶಕ. ಯಜಮಾನರ ಮಗಳನ್ನು ಮದುವೆಯಾದದ್ದು ಬಿಟ್ಟರೆ ಆ ಕೆಲಸಕ್ಕೆ ಬೇರೆ ಅರ್ಹತೆ ಇದ್ದಂತೆ ಕಾಣುತ್ತಿರಲಿಲ್ಲ. ಎಡಕ್ಕೆ ಆಡಳಿತದ ಮೇಡಂ. ಕೊನೆಯಲ್ಲಿ ಲೆಕ್ಕದ ಮ್ಯಾನೇಜರ್, ತೆಳ್ಳಗಿನ ಮನುಷ್ಯ, ಬಾಯಿ ಬಿಟ್ಟರೆ ಒಂದೇ ಪಲ್ಲವಿ: ನನಗೆ ಫೋನು ಎತ್ತೋದು, ಇಡೋದು ಎರಡೇ ಗೊತ್ತು.

ಅತ್ತೆ ಎಂಬುದು ಟೆಲಿಫೋನ್ ಇಲಾಖೆಯ ಕಿರಿಯ ಇಂಜಿನಿಯರುಗಳು ಹೆದರಿ ಇಟ್ಟ ಹೆಸರು. ಮುಖ್ಯ ಇಂಜಿನಿಯರ್ ಕುರ್ಚಿಯಲ್ಲಿದ್ದಾಗ ಮಂತ್ರಿಯ ಎದುರೇ "ಇವರಿಗೆ ತಲೆಬುಡ ಗೊತ್ತಿಲ್ಲ" ಎಂದು ಹೇಳಿ, ಅವಧಿಗೆ ಮುಂಚೆಯೇ ಮನೆ ಸೇರಿದ ಹೆಂಗಸು. ಈಗ ಖಾಸಗಿ ಪತ್ತೇದಾರಿಕೆ. ನಾಲಿಗೆ ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ.

ಅವರನ್ನು ಹಕ್ಕಿನಿಂದ ಅತ್ತೆ ಎನ್ನಬಲ್ಲವಳು ಲೋಕದಲ್ಲಿ ಒಬ್ಬಳೇ. ಅಣ್ಣನ ಮಗಳು ಪುಟ್ಟಿ. ತಾಯಿ ಇಲ್ಲದ ಮಗುವನ್ನು ಅತ್ತೆಯೇ ತಲೆ ಬಾಚಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದ್ದರು. ಈಗ ಅವಳು ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುರಿ ಕೂತಿದ್ದಳು. ಮೇಜಿನ ಸುತ್ತ ಖಾಲಿ ಕುರ್ಚಿಗಳಿದ್ದವು, ಆದರೆ ಅಲ್ಲಿ ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪುಟ್ಟಿ ಈ ಕಂಪನಿಯಲ್ಲಿ ತುರ್ತು ಕರೆ ತೆಗೆದುಕೊಳ್ಳುವ ವಿಭಾಗದ ಮೇಲ್ವಿಚಾರಕಿ. ಕಳೆದ ವಾರ ಒಂದು ಮಧ್ಯಾಹ್ನ ಅವಳ ಮೇಜಿನ ಫೋನುಗಳು ಇದ್ದಕ್ಕಿದ್ದಂತೆ ತೆಪ್ಪಗಾದವು. ಅದೇ ಹೊತ್ತಿಗೆ ಊರಿನ ಇನ್ನೊಂದು ಬದಿಯಲ್ಲಿ ಒಬ್ಬ ಟೈಲರ್ ಹೊಲಿಗೆ ಯಂತ್ರದ ಮೇಲೆಯೇ ಎದೆ ಹಿಡಿದುಕೊಂಡು ಒರಗಿದ. ಅವನ ಹೆಂಡತಿ ಕರೆ ಮಾಡುತ್ತಲೇ ಇದ್ದಳು. ಗಾಡಿ ಹೋಗಲಿಲ್ಲ, ಟೈಲರ್ ಉಳಿಯಲಿಲ್ಲ. ಮರುದಿನ ಸರ್ಕಾರ ಕಂಪನಿಯ ನಂಬರನ್ನೇ ನಿಲ್ಲಿಸಿತು.

ತಪ್ಪು ಯಾರದು ಎಂದು ಈ ನಾಲ್ವರು ಕೂತು ತೀರ್ಮಾನಿಸಿದ್ದರು. ನಮ್ಮ ಬಳಿ ಎರಡು ಲೈನು, ಎರಡು ಬೇರೆ ಬೇರೆ ಕಂಪನಿಯವು. ಎರಡೂ ಒಟ್ಟಿಗೆ ಸಾಯುವುದು ಸಾಧ್ಯವಿಲ್ಲ. ಆ ಎರಡೂ ಕಂಪನಿಯವರು 'ದೋಷ ನಿಮ್ಮ ಆವರಣದೊಳಗಿದೆ' ಎಂದು ತಿಳಿಸಿದ್ದಾರೆ. ಆವರಣದೊಳಗೆ ಫೋನಿನ ಹತ್ತಿರ ಇದ್ದವಳು ಪುಟ್ಟಿ. ಆದ್ದರಿಂದ ಪ್ಲಗ್ ಕಿತ್ತವಳು ಪುಟ್ಟಿ. ದೂರು ಸಿದ್ಧವಾಗಿತ್ತು, ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಅದು ಠಾಣೆ ಸೇರಲಿತ್ತು. ಸೇರಿದರೆ ಪುಟ್ಟಿಗೆ ಜೈಲೇ ಗತಿ.

"ಮೇಡಂ, ಈ ಕೇಬಲ್ ವಿಷಯ ಹಳೇ ಕಾಲದ್ದು" ಎಂದ ಅಳಿಯ, ಕುರ್ಚಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ. "ನಮ್ಮದೆಲ್ಲ ಕ್ಲೌಡಲ್ಲಿದೆ."

ಅತ್ತೆ ಅವನನ್ನು ಸ್ವಲ್ಪ ಹೊತ್ತು ನೋಡಿದರು. ತರಕಾರಿ ಅಂಗಡಿಯಲ್ಲಿ ಬಾಡಿದ ಸೊಪ್ಪನ್ನು ನೋಡುವ ನೋಟ ಅದು.

"ಕ್ಲೌಡ್ ಅಂದ್ರೆ ಆಕಾಶದಲ್ಲಿ ಇರಲ್ಲಪ್ಪ. ಇನ್ಯಾರದೋ ಕಟ್ಟಡ, ಅದರೊಳಗೆ ಇನ್ಯಾರದೋ ಕಂಪ್ಯೂಟರು. ಅಲ್ಲೀವರೆಗೆ ಹೋಗೋಕೆ ನಿನಗೂ ದಾರಿ ಬೇಕು. ನಿನ್ನ ದಾರಿ ಇಲ್ಲಿ ಮೇಜಿನ ಮೇಲೆ ಬಿದ್ದಿದೆ."

ಯಜಮಾನರು ಗಂಟಲು ಸರಿಮಾಡಿಕೊಂಡರು. ಅಳಿಯನನ್ನು ಮನೆಯಲ್ಲಿ ಹೀಗೆ ಮಾತಾಡಿಸುವ ಧೈರ್ಯ ಅವರಿಗಿರಲಿಲ್ಲ; ಯಾರೋ ಮಾತಾಡಿಸಿದ್ದು ಒಳಗೊಳಗೇ ಹಿತವಾಗಿದ್ದಂತಿತ್ತು. ನಮಗೆ ಅರ್ಥವಾಗುವ ಹಾಗೆ ಮೊದಲಿಂದ ಹೇಳಿ, ನಾವು ವ್ಯಾಪಾರದ ಜನ ಎಂದರು.

ಅರ್ಥವಾಗದ ವಸ್ತುವಿನ ಮೇಲೆ ಊರಿನವರ ಪ್ರಾಣ ತೂಗುಹಾಕಿ ವ್ಯಾಪಾರಕ್ಕಿಳಿದವರು ಎಂದು ಅತ್ತೆಗೆ ಹೇಳಬೇಕೆನಿಸಿತು. ಪುಟ್ಟಿಯ ಕಡೆ ನೋಡಿ ನುಂಗಿಕೊಂಡರು. ಬಿಳಿ ಹಲಗೆಯ ಹತ್ತಿರ ಹೋಗಿ ಪೆನ್ನು ಹಿಡಿದರು.

ಮನೆ ಬದಲಿಸುವಾಗ ದೊಡ್ಡ ಬೀರುವನ್ನು ಹೇಗೆ ಸಾಗಿಸುತ್ತೀರಿ ಎಂದು ಕೇಳಿದರು. ಬಿಚ್ಚಿ, ತುಂಡು ತುಂಡು ಮಾಡಿ, ತುಂಡಿನ ಮೇಲೆಲ್ಲ ಹೊಸ ಮನೆಯ ವಿಳಾಸ ಬರೆದು ಬೇರೆ ಬೇರೆ ಗಾಡಿಯಲ್ಲಿ ಕಳಿಸುವುದು. ಇಂಟರ್ನೆಟ್ ಮಾಡುವುದೂ ಅಷ್ಟೇ. ಮಾತಾಗಲಿ, ಚಿತ್ರವಾಗಲಿ, ನಿಮ್ಮ ಸಂಬಳದ ಲೆಕ್ಕವಾಗಲಿ, ಎಲ್ಲವನ್ನೂ ಪುಡಿ ಮಾಡಿ, ಪ್ರತಿ ಚೂರಿಗೂ ವಿಳಾಸ ಹಚ್ಚಿ ದಾರಿಗೆ ಬಿಡುತ್ತದೆ. ದಾರಿಯಲ್ಲಿ ಸಿಗುವ ಪ್ರತಿ ಚೌಕದಲ್ಲೂ ಒಂದು ಯಂತ್ರ ನಿಂತಿರುತ್ತದೆ. ಅದಕ್ಕೆ ಪೂರ್ತಿ ದಾರಿ ಗೊತ್ತಿಲ್ಲ, ಮುಂದಿನ ತಿರುವು ಮಾತ್ರ ಗೊತ್ತು. ಆ ತಿರುವಿಗೆ ತಳ್ಳಿ ಕೈ ತೊಳೆದುಕೊಳ್ಳುತ್ತದೆ.

"ನಮ್ಮ ಕಚೇರಿ ಹಾಗೇ" ಎಂದರು ಲೆಕ್ಕದ ಮ್ಯಾನೇಜರ್. ಯಾರೂ ನಗಲಿಲ್ಲ.

ಒಂದು ರಸ್ತೆ ಕೆಟ್ಟರೆ ಚೂರುಗಳು ಇನ್ನೊಂದು ರಸ್ತೆ ಹಿಡಿಯುತ್ತವೆ. ಆ ಕೊನೆಯಲ್ಲಿ ಮತ್ತೆ ಜೋಡಣೆಯಾಗುತ್ತವೆ. ಒಂದು ಚೂರು ಬರಲಿಲ್ಲವೆಂದರೆ ಅದನ್ನೇ ಮತ್ತೆ ಕಳಿಸು ಎಂದು ಕೇಳಿ ತರಿಸಿಕೊಳ್ಳುತ್ತದೆ. ಮಾತಾಡುವಾಗ ಮಾತ್ರ ಹಾಗೆ ಮತ್ತೆ ಕೇಳಿ ತರಿಸಿಕೊಳ್ಳಲು ಪುರಸೊತ್ತಿರುವುದಿಲ್ಲ, ಅದಕ್ಕೇ ಧ್ವನಿ ಹರಿದುಹೋಗುತ್ತದೆ. ಈಗ ಟೆಲಿಫೋನು ಬೇರೆ, ಇಂಟರ್ನೆಟ್ಟು ಬೇರೆ ಎಂಬುದಿಲ್ಲ. ನಿಮ್ಮ ತುರ್ತು ನಂಬರಿನ ಕರೆಯೂ ಹೀಗೆ ಚೂರಾಗಿಯೇ ಬರುವುದು.

ಇಷ್ಟು ಜಾಣತನ ಇರುವ ಜಾಲವನ್ನು ಸುಲಭಕ್ಕೆ ಸಾಯಿಸಲಾಗದು ಎಂದರು ಅತ್ತೆ. ಊರಾಚೆ ನೂರು ದಾರಿ ಇರುತ್ತವೆ. ನಿಮ್ಮ ಗೇಟಿನ ಒಳಗೆ ಇರುವುದು ಮಾತ್ರ ನೀವು ಹಾಕಿಸಿಕೊಂಡದ್ದು.

"ನಾವು ಎರಡು ಹಾಕಿಸಿದ್ದೇವೆ" ಎಂದರು ಯಜಮಾನರು. "ಒಂದು ಮುಂದಿನ ರಸ್ತೆಯಿಂದ, ಒಂದು ಹಿಂದಿನ ರಸ್ತೆಯಿಂದ. ನಾನೇ ಹೇಳಿದ್ದೆ."

ಅತ್ತೆ ಆಡಳಿತದ ಮೇಡಂ ಕಡೆ ತಿರುಗಿದರು. ಮೇಡಂ ಟಿಶ್ಯೂವನ್ನು ಉಂಡೆ ಮಾಡತೊಡಗಿದರು.

ಕಥೆ ಹೊರಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂದಿನ ರಸ್ತೆಯ ಲೈನಿನವರು ಕೇಬಲ್ ಹೂಳಲು ಬಂದಾಗ ಅಂಗಳಕ್ಕೆ ಹೊಸದಾಗಿ ಗ್ರಾನೈಟ್ ಹಾಸಿತ್ತು. ಯಜಮಾನರು ತಿಂಗಳುಗಟ್ಟಲೆ ಹುಡುಕಿ ತರಿಸಿದ ಕಲ್ಲು, ಕನ್ನಡಿಯಂತೆ ಮಿಂಚುತ್ತಿತ್ತು. ಬರುವ ಅತಿಥಿಗಳಿಗೆಲ್ಲ ಆಂಬುಲೆನ್ಸಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು. ಅದರ ಮೇಲೆ ಒಂದು ಗೆರೆ ಬಿದ್ದರೂ ಮನೆಗೆ ಕಳಿಸುತ್ತೇನೆ ಎಂದು ಕೂಗಾಡಿದ್ದರು. ಮೇಡಂ ಉಪಾಯ ಹೂಡಿದರು: ಹಿಂಬದಿಯಲ್ಲಿ ಆಗಲೇ ಒಂದು ಪೈಪು ಇದೆಯಲ್ಲ, ಈ ಕೇಬಲ್ಲನ್ನೂ ಅದರಲ್ಲೇ ತೂರಿಸಿಬಿಡಿ.

"ಸರ್ ಅಂಗಳ ಮುಟ್ಟಬೇಡಿ ಅಂದಿದ್ರು" ಎಂದರು ಮೇಡಂ ಸಣ್ಣ ದನಿಯಲ್ಲಿ. "ಬಿಲ್ಲಲ್ಲಿ ಎರಡು ಲೈನೇ ಬರ್ತಿತ್ತಲ್ಲ."

ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತೆಗೆ ಆ ಮುಖ ನೋಡಿ ಸಂತೋಷವಾಯಿತು, ಮುಚ್ಚಿಟ್ಟುಕೊಳ್ಳುವ ಗೋಜಿಗೂ ಹೋಗಲಿಲ್ಲ. ಎರಡು ಕಂಪನಿಯವರ ಕೈ ಕುಲುಕಿ, ಎರಡು ಫೋಟೋ ತೆಗೆಸಿಕೊಂಡು, ಎರಡನ್ನೂ ಒಂದೇ ತೂತಿನಲ್ಲಿ ತುರುಕಿದವರು. ತಮ್ಮ ಕಲ್ಲಿನ ನೆಲಕ್ಕೆ ಕೊಟ್ಟ ಮರ್ಯಾದೆಯನ್ನು ಊರಿನ ಹೃದಯರೋಗಿಗಳಿಗೆ ಕೊಡದವರು. ಇಂಥವರು ಪುಟ್ಟಿಯ ಮೇಲೆ ದೂರು ಬರೆಯುತ್ತಾರೆ.

"ಹಾಗಾದ್ರೆ ಹೆಗ್ಗಣ ಕಡಿದಿರಬೇಕು" ಎಂದ ಅಳಿಯ.

"ಹೆಗ್ಗಣ ಗರಗಸ ಹಿಡಿಯಲ್ಲ" ಎಂದು ಅತ್ತೆ ಒಂದು ತುಂಡನ್ನು ಎತ್ತಿ ದೂರದಿಂದಲೇ ತೋರಿಸಿದರು. ತುದಿ ನುಣ್ಣಗೆ, ನೇರವಾಗಿ ಕತ್ತರಿಸಿತ್ತು. ಹಾರೆ ಬಿದ್ದಿದ್ದರೆ ಜಜ್ಜಿರಬೇಕಿತ್ತು, ಹೆಗ್ಗಣವಾದರೆ ಹಲ್ಲಿನ ಗುರುತಿರಬೇಕಿತ್ತು.

ನಂತರ ಅವರು ಗುಂಡಿಗೆ ಇಳಿದವನನ್ನು ಹೊಗಳತೊಡಗಿದರು. ಅವನು ಎಂಟೆದೆಯವನೇ ಇರಬೇಕು. ಇದರಲ್ಲಿ ಹರಿಯುವ ಕರೆಂಟು ಸಾಮಾನ್ಯದ್ದಲ್ಲ. ರಬ್ಬರಿನ ಕೈಗವಸು ಇಲ್ಲದೆ ಮುಟ್ಟಿದ್ದರೆ ಅಲ್ಲೇ ಕರಕಲಾಗುತ್ತಿದ್ದ. ಕೊಯ್ಯುವಾಗ ಕಿಡಿ ಆಳೆತ್ತರ ಹಾರಿರಬೇಕು.

ಯಜಮಾನರು ಗಂಭೀರವಾಗಿ ತಲೆದೂಗಿದರು. ಮೇಡಂ ಅಯ್ಯೋ ಎಂದು ತುಂಡುಗಳಿಂದ ಕುರ್ಚಿ ಹಿಂದೆ ಎಳೆದುಕೊಂಡರು. ಹೈ ವೋಲ್ಟೇಜು, ನಾನು ಮೊದಲೇ ಎಚ್ಚರಿಸಿದ್ದೆ ಎಂದ ಅಳಿಯ.

ಅತ್ತೆ ನೋಡುತ್ತಿದ್ದದ್ದು ನಾಲ್ಕನೆಯ ಮುಖವನ್ನು. ಲೆಕ್ಕದ ಮ್ಯಾನೇಜರ್ ತಲೆದೂಗಲಿಲ್ಲ. ಅವನ ಕೆಳತುಟಿಯ ಒಂದು ಮೂಲೆ ಚೂರು ಕೆಳಗಿಳಿದು ಮತ್ತೆ ಮೇಲೆ ಬಂತು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಗಮನಿಸುತ್ತಿರಲಿಲ್ಲ. ಆದರೆ ತಾತ್ಸಾರದ ಮುಖ ಹೇಗಿರುತ್ತದೆ ಎಂದು ಅತ್ತೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದರು.

"ಯಾಕೆ, ನಾನು ಹೇಳಿದ್ದು ತಪ್ಪಾ?" ಎಂದರು ಅವನತ್ತ ತಿರುಗಿ.

"ನನಗೇನು ಗೊತ್ತು ಮೇಡಂ, ನನಗೆ ಫೋನು ಎತ್ತೋದು..."

"ಇಡೋದು. ಕೇಳಿದ್ದೇನೆ. ಇದರೊಳಗೆ ಇರೋದು ಗಾಜಿನ ಎಳೆ, ಕೂದಲಿನಷ್ಟು ಸಣ್ಣದು. ಓಡೋದು ಬೆಳಕು. ಕರೆಂಟಿನ ಸುಳಿವೂ ಇಲ್ಲ, ಕಿಡಿಯೂ ಇಲ್ಲ. ಮಗು ಕೂಡ ಬರಿಗೈಲಿ ಹಿಡೀಬಹುದು. ನಾನು ಸುಳ್ಳು ಹೇಳಿದೆ. ಇವರು ಮೂರು ಜನ ನುಂಗಿದ್ರು. ನೀವು ಯಾಕೆ ನುಂಗಲಿಲ್ಲ?"



ಅವನು ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸಿದ. ಒರೆಸಿ ಮುಗಿಯುವ ಹೊತ್ತಿಗೆ ಅವನ ಬೆನ್ನು ನೆಟ್ಟಗಾಗಿತ್ತು, ಪಲ್ಲವಿ ನಿಂತಿತ್ತು. ನನ್ನ ತಮ್ಮ ಕೇಬಲ್ ಎಳೆಸುವ ಕಂಟ್ರಾಕ್ಟರು ಎಂದ. ಈ ಕಟ್ಟಡದ ಎರಡನೇ ಲೈನು ಎಳೆದವನೂ ಅವನೇ. ಎರಡೂ ಒಂದೇ ಪೈಪಿನಲ್ಲಿವೆ ಎಂದು ನನಗೆ ಅವತ್ತಿನಿಂದ ಗೊತ್ತು.

"ಗೊತ್ತಿದ್ದೂ ಹೇಳಲಿಲ್ವಾ?" ಎಂದರು ಯಜಮಾನರು.

"ಯಾರಿಗೆ ಹೇಳಬೇಕಿತ್ತು ಸರ್? ನಿಮಗಾ, ಇವರಿಗಾ?" ಎಂದು ಅವನು ಅಳಿಯನ ಕಡೆ ಗದ್ದ ತೋರಿಸಿದ. "ಗೊತ್ತಿರೋದು ಅಪರಾಧ ಆಗಲ್ಲ ಮೇಡಂ. ಗೊತ್ತಿದ್ದವನೇ ಕೊಯ್ದ ಅಂತ ಹೇಗೆ ಹೇಳ್ತೀರಿ?"

ಈ ಪ್ರಶ್ನೆಗೇ ಅತ್ತೆ ಕಾದಿದ್ದರು. ಪೆನ್ನಿನ ಮುಚ್ಚಳ ಹಾಕಿ, ಮೇಜಿನ ತುದಿಗೆ ಬಂದು ನಿಂತರು. ತಮ್ಮ ಬುದ್ಧಿ ಚುರುಕಾಗಿ ಓಡುವಾಗ ಅವರಿಗಾಗುವ ಖುಷಿ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಟೈಲರ್‌ನ ಹೆಂಡತಿಯನ್ನು ನಿಮ್ಮಲ್ಲಿ ಯಾರಾದರೂ ಹೋಗಿ ಮಾತಾಡಿಸಿದಿರಾ ಎಂದು ಕೇಳಿದರು. ಯಾರೂ ಹೋಗಿರಲಿಲ್ಲ. ಅತ್ತೆ ಹೋಗಿದ್ದರು. ಆ ಹೆಂಗಸು ಹೇಳಿದ್ದು ಇಷ್ಟು: ಫೋನು ಬಡಿಯುತ್ತಲೇ ಇತ್ತು. ಒಂದು ಸಲ ಯಾರೋ ಎತ್ತಿದರು. ನಾನು ನಮ್ಮವರು ಸಾಯುತ್ತಿದ್ದಾರೆ ಅಂದೆ. ಆ ಕಡೆ ಮಾತಿಲ್ಲ. ಆಮೇಲೆ ಇಟ್ಟುಬಿಟ್ಟರು.

"ನೋಡಿ, ಎತ್ತಿದ್ದಾಳೆ" ಎಂದ ಅಳಿಯ, ಪುಟ್ಟಿಯತ್ತ ಬೆರಳು ಚಾಚಿ.

"ಯಾವ ಫೋನಿನಲ್ಲಿ ಎತ್ತುತ್ತಾಳೆ ದಡ್ಡ? ಎರಡು ಲೈನೂ ಕೊಯ್ದು ಬಿದ್ದಿವೆ. ಅವಳ ಮೇಜಿನ ಫೋನು ಹೆಣ."

ಸತ್ತ ಲೈನಿನ ಮೇಲೆ ಫೋನು ಬಡಿಯಿತೆಂದರೆ ಅದು ಬಡಿದದ್ದು ಇನ್ನೆಲ್ಲೋ ಎಂದು ವಿವರಿಸಿದರು. ನಂಬರು ಎಂಬುದು ಗೋಡೆಗೆ ಹೊಡೆದ ಮೊಳೆಯಲ್ಲ. ಅದು ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿರುವ ಒಂದು ಸೂಚನೆ: ಈ ನಂಬರಿಗೆ ಕರೆ ಬಂದರೆ ಅಲ್ಲಿಗೆ ಕಳಿಸು, ಅಲ್ಲಿ ಯಾರೂ ಸಿಗದಿದ್ದರೆ ಇಲ್ಲಿಗೆ ಕಳಿಸು. ಒಂದನೇ ಲೈನು, ಅದು ಸತ್ತರೆ ಎರಡನೇ ಲೈನು, ಎರಡೂ ಸತ್ತರೆ ಒಂದು ಮೊಬೈಲು. ಆ ಮೊಬೈಲು ಯಾವುದು ಎಂದು ಗ್ರಾಹಕರು ತಮ್ಮ ಕಂಪ್ಯೂಟರಿನಲ್ಲೇ ಬದಲಿಸಬಹುದು, ಪಾಸ್‌ವರ್ಡ್ ಇದ್ದರೆ ಸಾಕು. ಈ ಕಂಪನಿಯ ಪಾಸ್‌ವರ್ಡ್ ಕಂಪನಿಯ ಹೆಸರೇ ಆಗಿತ್ತು. ಕಾವಲುಗಾರನಿಗೂ ಗೊತ್ತಿತ್ತು.

"ಕೊಯ್ದವನಿಗೆ ಲೈನು ಸಾಯೋದು ಬೇಕಿರಲಿಲ್ಲ. ಕರೆ ಬೇಕಿತ್ತು" ಎಂದರು ಅತ್ತೆ. "ಈ ಊರಲ್ಲಿ ರೋಗಿ ಯಾವ ಆಸ್ಪತ್ರೆಗೆ ಹೋಗ್ತಾನೆ ಅನ್ನೋದು ಫೋನು ಎತ್ತಿದವನ ಕೈಯಲ್ಲಿದೆ, ಅದಕ್ಕೆ ಆಸ್ಪತ್ರೆಯವರು ಕಮಿಷನ್ ಕೊಡ್ತಾರೆ. ಮೊದಲು ಆ ಮೊಬೈಲ್ ನಂಬರನ್ನು ಬದಲಿಸಿದ. ಆಮೇಲೆ ಗುಂಡಿಗಿಳಿದ. ಮೊದಲ ಕರೆ ಟೈಲರ್‌ದು ಬಂತು. ಹೆದರಿರಬೇಕು, ಇಟ್ಟುಬಿಟ್ಟ."

ಮೊದಲ ಸಲ ಲೆಕ್ಕದ ಮ್ಯಾನೇಜರ್ ಅತ್ತೆಯ ಮಾತನ್ನು ಗಮನವಿಟ್ಟು ಕೇಳುತ್ತಿದ್ದ.

ಆ ನಂಬರು ಯಾವುದೆಂದು ಎಕ್ಸ್‌ಚೇಂಜಿನವರನ್ನೇ ಕೇಳಬಹುದಲ್ಲ ಎಂದರು ಯಜಮಾನರು, ತಮಗೂ ಬುದ್ಧಿಯಿದೆ ಎಂದು ತೋರಿಸಲು. ಹೇಳಬೇಕಾದರೆ ಅವರಿಗೆ ಕೋರ್ಟಿನ ಆದೇಶ ಬೇಕು ಎಂದರು ಅತ್ತೆ. ಅದು ಬರುವಷ್ಟರಲ್ಲಿ ಪುಟ್ಟಿ ಲಾಕಪ್ಪಿನಲ್ಲಿರುತ್ತಾಳೆ. ಆದರೆ ಫೋನು ಬಡಿಯುವುದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ. ಅತ್ತೆಯ ಬೈಗುಳ ತಿಂದೇ ದೊಡ್ಡ ಅಧಿಕಾರಿಯಾದ ಹಳೆಯ ಶಿಷ್ಯನೊಬ್ಬ, ನಿಂತುಹೋಗಿದ್ದ ತುರ್ತು ನಂಬರನ್ನು ಈ ಮಧ್ಯಾಹ್ನ ಸ್ವಲ್ಪ ಹೊತ್ತು ತೆರೆದಿಡಲು ಒಪ್ಪಿದ್ದ. ಸೂಚನೆಗಳನ್ನು ಯಾರೂ ಮುಟ್ಟಿರಲಿಲ್ಲ. ಕೇಬಲ್ಲುಗಳು ಇನ್ನೂ ಹಾಗೇ ಕೊಯ್ದುಬಿದ್ದಿದ್ದವು. ಅವತ್ತು ಕರೆ ಹಿಡಿದ ದಾರಿಯನ್ನೇ ಇವತ್ತೂ ಹಿಡಿಯಬೇಕು.

"ನಾಲ್ಕೂ ಜನ ನಿಮ್ಮ ಮೊಬೈಲುಗಳನ್ನು ಮೇಜಿನ ಮೇಲೆ ಇಡಿ. ಸದ್ದು ಬರೋ ಹಾಗೆ."

ನಾಲ್ಕು ಫೋನುಗಳು ಕೆಸರಿನ ಸುತ್ತ ಸಾಲಾದವು. ಲೆಕ್ಕದ ಮ್ಯಾನೇಜರ್ ಎರಡು ಫೋನು ಇಟ್ಟುಕೊಂಡಿದ್ದಾನೆಂದು ಅತ್ತೆಗೆ ಗೊತ್ತಿತ್ತು. ಕೇಳುವ ಮೊದಲೇ ಅವನು ಎರಡನೆಯದನ್ನೂ ಇಟ್ಟ. ಅವನ ಈ ಸಮಾಧಾನ ಅತ್ತೆಗೆ ಹಿಡಿಸಲಿಲ್ಲ. ನಾಟಕ ಎಂದುಕೊಂಡರು.

ಡಯಲ್ ಮಾಡುವ ಮುನ್ನ ಅವರು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಒಂದು ಮಾತು ಕೇಳಿ. ಮೂರ್ಖತನಕ್ಕೆ ನಾನು ಬೈತೀನಿ, ಬೈದು ಬಿಟ್ಟುಬಿಡ್ತೀನಿ. ಆದರೆ ಸಾಯೋನ ಹೆಂಡತಿ ದನಿ ಕೇಳಿಸಿಕೊಂಡು ಫೋನು ಇಟ್ಟವರಿದ್ದಾರಲ್ಲ, ಅವರು ಮನುಷ್ಯರ ಲೆಕ್ಕಕ್ಕೆ ಸೇರಲ್ಲ. ಅವರನ್ನ ನಾನು ಬಿಡಲ್ಲ. ನನ್ನ ಕೈ ಕಾಲು ಹಿಡಿದು ಯಾರು ಬೇಡಿಕೊಂಡ್ರೂ ಬಿಡಲ್ಲ."

ತುರ್ತು ನಂಬರನ್ನು ಒತ್ತಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಮೊದಲು ಏನೂ ಇಲ್ಲ. ಕರೆ ಒಂದನೇ ಲೈನು ಹುಡುಕುತ್ತಿದೆ ಎಂದುಕೊಂಡರು ಅತ್ತೆ. ಸಿಗಲಿಲ್ಲ. ಎರಡನೆಯದನ್ನು ಹುಡುಕುತ್ತಿದೆ. ಅದೂ ಸಿಗಲಿಲ್ಲ. ಆಮೇಲೆ ಕರೆ ಹೋಗುತ್ತಿರುವ ಸದ್ದು ಶುರುವಾಯಿತು.

ಮೇಜಿನ ಮೇಲಿನ ಫೋನುಗಳು ಕಪ್ಪಗೆ ಬಿದ್ದಿದ್ದವು. ಯಾವುದೂ ಮಿಸುಕಲಿಲ್ಲ.

ಬಡಿದದ್ದು ಗೋಡೆಯ ಕಡೆಯಿಂದ.

ಪುಟ್ಟಿಯ ತೊಡೆಯ ಮೇಲೆ ಅವಳದೇ ಮೊಬೈಲು ಬೆಳಗಿ ಬೆಳಗಿ ಬಡಿಯುತ್ತಿತ್ತು. ಪರದೆಯ ಮೇಲೆ ಅತ್ತೆಯ ಫೋಟೋ, ಅದರ ಕೆಳಗೆ 'ಅತ್ತೆ' ಎಂಬ ಎರಡಕ್ಷರ. ಪುಟ್ಟಿ ಅದನ್ನು ಎತ್ತಲೂ ಇಲ್ಲ, ನಿಲ್ಲಿಸಲೂ ಇಲ್ಲ.

"ಏನ್ರೀ ಇದು" ಎಂದು ಯಜಮಾನರು ನಕ್ಕುಬಿಟ್ಟರು. ಬಹಳ ಹೊತ್ತಿನಿಂದ ತಡೆದಿದ್ದ ನಗು. "ಗಡಿಬಿಡಿಯಲ್ಲಿ ನಿಮ್ಮ ಹುಡುಗಿಗೇ ಫೋನು ಮಾಡಿದ್ರಲ್ಲ."

ಅಳಿಯನೂ ನಕ್ಕ. ಮೇಡಂ ಕೂಡ, ಬದುಕಿದೆಯಾ ಬಡಜೀವವೇ ಎಂಬಂತೆ. ಬೇರೆಯವರಿಗೆ ಪಾಠ ಹೇಳುವವರೂ ಬೆರಳು ತಪ್ಪುತ್ತಾರೆ ಎಂದು ಅವರಿಗೆ ಬಹಳ ಆನಂದವಾಗಿತ್ತು.

ಈ ಮೂವರಿಗೂ ಅರ್ಥವಾಗಿಲ್ಲ ಎಂಬುದು ಅತ್ತೆಗೆ ತಕ್ಷಣ ಹೊಳೆಯಿತು. ಇಷ್ಟು ಹೊತ್ತು ಯಾವ ದಡ್ಡತನವನ್ನು ಕಾಲ ಕಸದಂತೆ ಕಂಡಿದ್ದರೋ, ಅದೇ ಈಗ ಪುಟ್ಟಿಯನ್ನು ಕಾಯುತ್ತಿತ್ತು. ಹೌದು, ಬೆರಳು ತಪ್ಪಿತು ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು.

ಆದರೆ ಮೇಜಿನ ಕೊನೆಯಲ್ಲಿ ಕೂತವನು ನಕ್ಕಿರಲಿಲ್ಲ. ಲೆಕ್ಕದ ಮ್ಯಾನೇಜರ್ ಕನ್ನಡಕ ಹಾಕಿಕೊಂಡು, ಮುಂದೆ ಬಾಗಿ, ಅತ್ತೆಯ ಫೋನಿನ ಪರದೆಯನ್ನು ನೋಡುತ್ತಿದ್ದ. ಅಲ್ಲಿ ಕಾಣುತ್ತಿದ್ದದ್ದು ಪುಟ್ಟಿಯ ಹೆಸರಲ್ಲ, ಕಂಪನಿಯ ತುರ್ತು ನಂಬರು.

"ತಪ್ಪಿದ್ರೆ ತಪ್ಪಿತು, ಬಿಡಿ ಮೇಡಂ" ಎಂದ ಅವನು ಮೆಲ್ಲಗೆ. "ಇನ್ನೊಂದು ಸಲ ಮಾಡಿ. ಈ ಸಲ ನಂಬರನ್ನ ಜೋರಾಗಿ ಓದಿಕೊಂಡು ಒತ್ತಿ. ಎಲ್ಲರಿಗೂ ಅರ್ಥವಾಗಲಿ."

ಅತ್ತೆ ಕರೆಯನ್ನು ಕತ್ತರಿಸಿದರು. ಫೋನು ಕೈಯಲ್ಲೇ ಉಳಿಯಿತು. ಇವನು ಪುಟ್ಟಿಯ ನಂಬರನ್ನು ತುರುಕಿರಬೇಕು, ಹುಡುಗಿಗೆ ಏನೂ ಗೊತ್ತಿರಲಿಕ್ಕಿಲ್ಲ, ಅವತ್ತು ಅವಳ ಫೋನು ಬಡಿದೇ ಇರಲಿಕ್ಕಿಲ್ಲ ಎಂದು ಒಂದರ ಹಿಂದೊಂದು ಕಾರಣ ಹುಡುಕುತ್ತಿದ್ದರು. ಪುಟ್ಟಿಯ ಮುಖ ನೋಡಲು ಮಾತ್ರ ಅವರಿಗೆ ಧೈರ್ಯವಾಗಲಿಲ್ಲ.

ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಕೆರೆದ ಸದ್ದಾಯಿತು. ಪುಟ್ಟಿ ಎದ್ದು ನಿಂತಿದ್ದಳು.

"ಇನ್ನೊಂದು ಸಲ ಬೇಡ ಅತ್ತೆ" ಎಂದಳು. "ಆ ನಂಬರು ಹಾಕಿದ್ದೂ ನಾನೇ. ಅವತ್ತೂ ಹೀಗೇ ಬಡೀತು. ನಾನೇ ಎತ್ತಿದೆ. ಆಯಮ್ಮ ಹೇಳಿದ್ದು ಪೂರ್ತಿ ಕೇಳಿಸ್ತು. ಆಮೇಲೆ ಇಟ್ಟುಬಿಟ್ಟೆ."